ಡೀಸೆಲ್ ಇರುವ ತನಕ ಡ್ರೈವರ್ ಸಾಹೇಬ

ಸುಧಾಕರನಿಗೆ ತನ್ನ ಮೇಲೆ ಬಹಳ ಗೌರವವಿತ್ತು. ಆ ಗೌರವ ಡೀಸೆಲ್ ಮೇಲೆ ಓಡುತ್ತಿತ್ತು ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಡೀಸೆಲ್ ನಿಂತ ಮೇಲೆ ಗೊತ್ತಾಯಿತು.

ಅವನು ಕಮಲಾಪುರದ ಮಾಳಿಂಗಪ್ಪನ ಸಕ್ಕಿಂಗ್ ಮಷೀನಿನ ಡ್ರೈವರ್. ಸಕ್ಕಿಂಗ್ ಮಷೀನ್ ಎಂದರೆ ಸಂಡಾಸದ ಗುಂಡಿಯೊಳಗೆ ದಪ್ಪ ಪೈಪು ಬಿಟ್ಟು, ಇದ್ದದ್ದನ್ನೆಲ್ಲ ಹೀರಿ ತನ್ನ ಹೊಟ್ಟೆಗೆ ತುಂಬಿಕೊಳ್ಳುವ ಟ್ಯಾಂಕರ್ ಗಾಡಿ. ಆ ಗುಂಡಿಗೆ ನಮ್ಮ ಕಡೆ ಎಲ್ಲರೂ ಸೇಫ್ಟಿ ಟ್ಯಾಂಕ್ ಎನ್ನುತ್ತಾರೆ. ಯಾರ ಸೇಫ್ಟಿ ಎಂದು ಯಾರೂ ಕೇಳಿದ್ದಿಲ್ಲ. ಸುಧಾಕರನೂ ಕೇಳಿರಲಿಲ್ಲ. ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಕ್ಯಾಬಿನ್‌ನಲ್ಲಿ ಊದುಬತ್ತಿ ಹಚ್ಚಿ, ಕಲಬುರಗಿಯ ಬಡಾವಣೆಗಳಲ್ಲಿ ಹಾರ್ನ್ ಹೊಡೆಯುತ್ತ ತಿರುಗುತ್ತಿದ್ದ. ಮನೆಯವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಗೇಟು ತೆಗೆದು, "ಬರ್ರಿ ಡ್ರೈವರ್ ಸಾಹೇಬ್ರ" ಎನ್ನುತ್ತಿದ್ದರು. ಕರವಸ್ತ್ರ ಅವನಿಗೆ ಕಾಣುತ್ತಿರಲಿಲ್ಲ. ಸಾಹೇಬ್ರ ಅನ್ನುವುದು ಕೇಳಿಸುತ್ತಿತ್ತು.

ಅವನ ಅಪ್ಪ ಯಂಕಪ್ಪನಿಗೆ ಯಾರೂ ಸಾಹೇಬ ಎಂದಿರಲಿಲ್ಲ. ಯಂಕಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಂಥ ಗುಂಡಿಗಳಿಗೆ ಇಳಿಯುತ್ತಿದ್ದ. ಕುತ್ತಿಗೆ ತನಕ ನಿಂತು ಬಕೆಟ್ಟಿನಿಂದ ಗೋರಿ ಗೋರಿ ಮೇಲಕ್ಕೆ ಕೊಡುತ್ತಿದ್ದ. ಹೊರಗೆ ಬಂದ ಮೇಲೆ ಮನೆಯವರು ಎಸೆದಂತೆ ಕೊಟ್ಟ ರೊಟ್ಟಿಯನ್ನು ದೂರ ಕೂತು ತಿನ್ನುತ್ತಿದ್ದ. ಕೆಮ್ಮು ಹತ್ತಿತು. ಕೆಮ್ಮುತ್ತಲೇ ಸತ್ತ. ಹೆಣಕ್ಕೆ ಸ್ನಾನ ಮಾಡಿಸುವಾಗಲೂ ಉಗುರಿನ ಸಂದಿಯ ಕಪ್ಪು ಬಿಡಲಿಲ್ಲ. ಸತ್ತರೂ ಗುಂಡಿಗೆ ಇಳಿಯುವುದಿಲ್ಲ ಎಂದು ಸುಧಾಕರ ಆವತ್ತೇ ಗಟ್ಟಿ ಮಾಡಿಕೊಂಡ. ಡ್ರೈವಿಂಗ್ ಕಲಿತ. ಲೈಸೆನ್ಸ್ ಮಾಡಿಸಿದ. ಹಾಗೆ ದೂರ ದೂರ ಹೋಗಿ ಕೊನೆಗೆ ಎಲ್ಲಿ ಕೂತ? ಅದೇ ಗುಂಡಿಯ ಪಕ್ಕದಲ್ಲಿ, ನಾಲ್ಕು ಅಡಿ ಎತ್ತರದ ಸೀಟಿನ ಮೇಲೆ.

"ನಮ್ಮಪ್ಪಗ ಮತ್ತ ನನಗ ನಾಕು ಫೂಟ ಫರಕ ಅದ" ಎಂದು ತಾನೇ ಹೇಳಿ ತಾನೇ ನಗುತ್ತಿದ್ದ. ಅದಕ್ಕೆ ಪ್ರಗತಿ ಎಂದೂ ಹೆಸರಿಟ್ಟಿದ್ದ.

ಗಾಡಿ ಮಾಳಿಂಗಪ್ಪನದು. ಆದರೆ ಅದು ನಿಲ್ಲುತ್ತಿದ್ದುದು ಸುಧಾಕರನ ಓಣಿಯಲ್ಲಿ, ಸುಧಾಕರನ ಮನೆಯ ಬಾಗಿಲ ಎದುರಿಗೆ. "ನಮ್ಮ ಮನಿ ಮುಂದ ಬ್ಯಾಡಪಾ, ವಾಸನಿ ಬರ್ತದ" ಎಂದಿದ್ದ ಮಾಳಿಂಗಪ್ಪ. ಸುಧಾಕರ ಇದನ್ನೂ ಗೌರವವೆಂದೇ ತಿಳಿದ. ಮಾಲಕ ತನ್ನನ್ನು ನಂಬಿ ಅಷ್ಟು ದೊಡ್ಡ ಗಾಡಿ ಬಿಟ್ಟಿದ್ದಾನೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಓಣಿಯವರು ಮೂಗು ಮುಚ್ಚಿಕೊಂಡೇ ಕೇಳಿಸಿಕೊಂಡರು.

ಆಮೇಲೆ ಎಣ್ಣೆ ಕಡಿಮೆಯಾಯಿತು. ಸಮುದ್ರದಾಚೆಯ ಬಾವಿಗಳು ತಳ ಹತ್ತಿವೆಯಂತೆ. ಉಳಿದದ್ದನ್ನು ದೊಡ್ಡ ದೇಶದವರು ಬಾಚಿಕೊಂಡರಂತೆ. ಹಡಗು ಬರುವುದು ತಡವಂತೆ. ಟಿವಿಯಲ್ಲಿ ದಿನಕ್ಕೊಂದು ಅಂತೆ. ಕಮಲಾಪುರದ ಬಂಕಿನಲ್ಲಿ ಮೊದಲು ಸಾಲು ಬಂತು, ಆಮೇಲೆ ಟೋಕನ್ ಬಂತು, ಆಮೇಲೆ ಗೇಟಿಗೆ ಅಡ್ಡ ಹಗ್ಗ ಬಂತು. ಇದ್ದಷ್ಟು ಡೀಸೆಲ್ ಆಂಬುಲೆನ್ಸಿಗೆ, ಪೊಲೀಸರಿಗೆ, ಒಂದೆರಡು ಬಸ್ಸಿಗೆ. ಸಂಡಾಸದ ಗಾಡಿಗೆ ಕೊಡಿ ಎಂದು ಕೇಳಲು ಹೋದ ಮಾಳಿಂಗಪ್ಪನನ್ನು ಬಂಕಿನವರು ನಕ್ಕು ಕಳಿಸಿದರು. ಹೈದರಾಬಾದಿಗೆ ಹೋಗುತ್ತಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ಲಾರಿಯಿಲ್ಲದೆ ಊರಲ್ಲೇ ಉಳಿಯಿತು. ಮದುವೆಯಲ್ಲೂ ಅದರ ಮುಖ ನೋಡದಿದ್ದವರು ಮೂರು ಹೊತ್ತೂ ಅದನ್ನೇ ತಿಂದರು. ಹೀಗೆ ಜಗತ್ತಿನ ಬಿಕ್ಕಟ್ಟು ಸುಧಾಕರನ ಓಣಿಗೆ ಮೊದಲು ಬಂದದ್ದು ಬಾಳೆಹಣ್ಣಿನ ರೂಪದಲ್ಲಿ.

ಗಾಡಿ ಬಾಗಿಲೆದುರು ನಿಂತಿತು. ಸುಧಾಕರ ದಿನಾ ಬೆಳಿಗ್ಗೆ ಎದ್ದು ಅದನ್ನು ತೊಳೆದ. ತೊಳೆದು ಮುಗಿದ ಮೇಲೆ ಮಾಡಲು ಕೆಲಸವಿಲ್ಲದೆ ಕ್ಯಾಬಿನ್ ಹತ್ತಿ ಸ್ಟೇರಿಂಗ್ ಹಿಡಿದು ಕೂತ. ಹೆಂಡತಿ ಪಂಚಶೀಲಾ ಬಾಗಿಲಲ್ಲಿ ನಿಂತು ನೋಡಿದಳು.

"ಬಾಯಲೇ ಬುರ್ ಬುರ್ ಅನ್ರಿ. ಹೊಂಟಂಗ ಅನಸ್ತದ."

"ನಗು ನಗು. ಎಣ್ಣಿ ಬರ್ಲಿ, ತೋರಸ್ತೀನಿ."

"ಎಣ್ಣಿ ಬಂದ್ರ ನೀವು ಎಲ್ಲಿಗಿ ಹೋಗ್ತೀರಿ ಅಂತ ನನಗ ಗೊತ್ತಿಲ್ಲೇನು? ಮಂದಿ ಸಂಡಾಸಕ್ಕೇ ಹೋಗ್ತೀರಿ."

ಹೀಗೆ ದಿನ ಹೋಗುತ್ತಿರುವಾಗ ಮಾಳಿಂಗಪ್ಪ ಒಂದು ಬೆಳಿಗ್ಗೆ ಹಲ್ಲು ಕಿಸಿಯುತ್ತ ಬಂದ. ಅವನು ಹಲ್ಲು ಕಿಸಿದರೆ ಯಾರಿಗೋ ಕೆಲಸ ಕಾದಿದೆ ಎಂದರ್ಥ.

"ಸುಧಾಕರ, ನಾಳಿ ಛಲೋ ಅಂಗಿ ಹಾಕ್ಕೊಂಡು ಕಲಬುರ್ಗಿಗಿ ಬಾ. ನಿನಗ ಸನ್ಮಾನ ಅದ."

"ಯಾರಿಗಿ?"

"ನಿನಗಪಾ. ಸಿದ್ಧಶ್ರೀ ಬಡಾವಣಿ ಬಸವಂತರಾಯ ಸರ್ ತಾವೇ ಫೋನ್ ಮಾಡ್ಯಾರ. ಎಣ್ಣಿ ಉಳಸೂ ಕಾರ್ಯಕ್ರಮ ಮಾಡ್ಲಾಕತ್ತಾರ. ಶ್ರಮದಾನ ಬಿ ಅದ. ಡ್ರೈವರ್ ಸಾಹೇಬ್ರ ಬರ್ಲೇಬೇಕು ಅಂದ್ರು."

ಬಸವಂತರಾಯರು ಕನ್ನಡ ಕಲಿಸಿ, ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಜೇವರ್ಗಿ ಕಾಲೋನಿಯಿಂದ ಆಚೆ ಹೊಸದಾಗಿ ಎದ್ದ ಆ ಬಡಾವಣೆಯ ಸಮಿತಿಗೆ ಅವರೇ ಅಧ್ಯಕ್ಷರು. ಅಂಥವರು ತನ್ನನ್ನು ನೆನೆದರಲ್ಲ ಎಂದು ಸುಧಾಕರನ ಎದೆ ಉಬ್ಬಿತು.

"ಗಾಡಿ ನಿಂತ ಮ್ಯಾಲ ಡ್ರೈವರಗ ಯಾಕ ಸನ್ಮಾನ?" ಎಂದಳು ಪಂಚಶೀಲಾ, ಮಾಳಿಂಗಪ್ಪ ಹೋದ ಮೇಲೆ.

"ಇಷ್ಟ ದಿನದ ಸೇವಾ ನೋಡ್ಯಾರ, ಅದಕ್ಕ."

"ಸೇವಾ ಇರ್ಲಿ, ನಿಮ್ಮ ಮಾರಿ ಬಿ ಯಾರೂ ನೋಡಿಲ್ಲ ಅಲ್ಲಿ. ನನಗ್ಯಾಕೋ ಖರೇ ಅನಸವಲ್ದು."

ಸುಧಾಕರನಿಗೆ ಸಿಟ್ಟು ಬಂತು. ಹೆಂಡತಿಗೆ ತನ್ನ ಏಳಿಗೆ ಕಂಡರೆ ಆಗುವುದಿಲ್ಲ ಎಂದುಕೊಂಡ. ಅವಳ ಕೈಯಿಂದಲೇ ಅಂಗಿ ಇಸ್ತ್ರಿ ಮಾಡಿಸಿಕೊಂಡ. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದೆಂದು ಕೆಂಪು ಬಾಳೆಹಣ್ಣಿನ ಒಂದು ದೊಡ್ಡ ಚಿಪ್ಪು ಕಟ್ಟಿಕೊಂಡ. ಮರುದಿನ ಒಂದೇ ಒಂದು ಬಸ್ಸು. ಮಹಾಗಾಂವ ಕ್ರಾಸಿನ ತನಕ ಬಾಗಿಲಲ್ಲಿ ಜೋತುಬಿದ್ದ, ಅಲ್ಲಿಂದ ಮುಂದೆ ಯಾರದೋ ಕಂಕುಳಲ್ಲಿ ತಲೆಯಿಟ್ಟು ನಿಂತ. ಒಂದು ಕೈ ಮಾತ್ರ ಬಾಳೆಹಣ್ಣನ್ನು ಮೇಲೆ ಎತ್ತಿ ಹಿಡಿದಿತ್ತು. ಅಂಗಿಯ ಇಸ್ತ್ರಿ ಹೋಯಿತು, ಹಣ್ಣು ಉಳಿಯಿತು. ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡೇ ಬಡಾವಣೆ ಸೇರಿದ.

ಶಾಮಿಯಾನ ಹಾಕಿದ್ದರು. "ಹಿರಿಯರ ಹಾದಿಗೆ ಮರಳೋಣ" ಎಂದು ಬ್ಯಾನರ್ ಕಟ್ಟಿದ್ದರು. ಬಸವಂತರಾಯರು ಅವನ ಹಣ್ಣನ್ನು ಎರಡು ಬೆರಳಲ್ಲಿ ಹಿಡಿದು, "ಯಾಕ ತರಲಿಕ್ಕೆ ಹೋದ್ರಿ" ಎಂದು ಕಾಂಪೌಂಡ್ ಗೋಡೆಯ ಮೇಲಿಟ್ಟರು. ಮುಂದಿನ ಸಾಲಿನಲ್ಲಿ ಕುರ್ಚಿ ತೋರಿಸಿದರು. ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು. ಮುಖ್ಯ ಅತಿಥಿಗೆ ಜಾಗ ಬಿಟ್ಟಿದ್ದಾರೆ ಎಂದುಕೊಂಡ ಸುಧಾಕರ.

ಭಾಷಣ ಶುರುವಾಯಿತು. "ನಮ್ಮ ಹಿರಿಯರು ಡೀಸೆಲ್ ನಂಬಿ ಬದುಕಿದವರಲ್ಲ. ಅವರಿಗೆ ಮೋಟಾರ್ ಇರಲಿಲ್ಲ, ಮಷೀನ್ ಇರಲಿಲ್ಲ. ಆದರೂ ಊರು ಸ್ವಚ್ಛವಾಗಿತ್ತು, ಮನೆ ಸ್ವಚ್ಛವಾಗಿತ್ತು. ಯಂತ್ರಗಳು ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿದವು. ಎಣ್ಣೆ ತೀರಿದ್ದು ಒಂದು ರೀತಿಯಲ್ಲಿ ವರವೇ ಸರಿ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಸುಧಾಕರ. ಮೋಟಾರಿಲ್ಲದ ಕಾಲದಲ್ಲಿ ಆ ಸ್ವಚ್ಛತೆ ಎಲ್ಲಿಂದ ಬರುತ್ತಿತ್ತು, ಯಾರ ತಲೆಯ ಮೇಲೆ ಹೋಗುತ್ತಿತ್ತು ಎಂದು ಅವನಿಗೆ ಹೊಳೆಯಲಿಲ್ಲ. ಸರ್‌ರ ಹಿರಿಯರೇ ತನ್ನ ಹಿರಿಯರೂ ಎಂಬಂತೆ ತಲೆಯಾಡಿಸಿದ. ಶಾಲು ಹೊದಿಸಿಕೊಳ್ಳುವ ಮುಂಚೆ ಮನುಷ್ಯನಿಗೆ ಹೀಗೆಲ್ಲ ಆಗುತ್ತದೆ.

ಶಾಲು ಹೊದಿಸಿದರು. ಹಾರ ಹಾಕಿದರು. ಮೊಬೈಲಿನಲ್ಲಿ ಫೋಟೊ ಹಿಡಿದರು. ಹಿಡಿಯುವಾಗ ಬಸವಂತರಾಯರು ಅವನ ಹೆಗಲ ಮೇಲೆ ಕೈ ಇಟ್ಟಂತೆ ಮಾಡಿದರು. ಕೈ ಶಾಲಿಗೆ ತಾಗಲಿಲ್ಲ, ಆದರೆ ಫೋಟೊದಲ್ಲಿ ಅದು ಗೊತ್ತಾಗುವುದಿಲ್ಲ.

ಆಮೇಲೆ ಶ್ರಮದಾನ. ಯಾರು ಏನು ಮಾಡಬೇಕೆಂದು ಬಸವಂತರಾಯರೇ ಕೂಗಿ ಹೇಳಿದರು. ಹೆಂಗಸರು ಪಾನಕ ಮಾಡಬೇಕು. ಗಂಡಸರು ತಮ್ಮ ತಮ್ಮ ಗೇಟಿನ ಮುಂದಿನ ಗಿಡಗಳಿಗೆ ನೀರು ಹಾಕಬೇಕು. ಕಾಲೇಜು ಓದುವವರು ವಿಡಿಯೊ ಮಾಡಬೇಕು. ತಾವು ಉಸ್ತುವಾರಿ. ಕೊನೆಗೆ ಸುಧಾಕರನ ಕಡೆ ತಿರುಗಿ ನಕ್ಕರು.

"ನಮ್ಮ ಮನೆ, ಆಚೀಚೆ ಮನೆ ಎಲ್ಲಕ್ಕೂ ಕೂಡಿ ಒಂದೇ ಟ್ಯಾಂಕ್ ಇದೆ. ಅದು ತುಂಬಿ ನಿಂತಿದೆ. ಆ ಪುಣ್ಯದ ಕೆಲಸ ನಮ್ಮ ಸನ್ಮಾನಿತರದು."

ಸುಧಾಕರ ಇನ್ನೂ ನಗುತ್ತಲೇ ಇದ್ದ. ನಗು ಮುಖದ ಮೇಲೆ ಉಳಿದು, ಒಳಗೆ ಬೇರೇನೋ ಕುಸಿಯಿತು. ಮನೆಯ ಹಿಂದೆ ಟ್ಯಾಂಕಿನ ಚಪ್ಪಡಿ ಆಗಲೇ ಸರಿಸಿಟ್ಟಿದ್ದರು. ಪಕ್ಕದಲ್ಲಿ ಹೊಸ ಹಗ್ಗ, ಹೊಸ ಬಕೆಟ್. ಬಕೆಟ್ಟಿನ ಮೇಲಿನ ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ.

"ಸರ್, ಗಾಡಿ ಇಲ್ರಿ" ಎಂದ.

"ಗಾಡಿ ಯಾಕ ಬೇಕು? ಈಗ ತಾನೇ ಹೇಳಿದ್ನಲ್ಲ."

"ಮನುಷ್ಯಾಗ ಒಳಗ ಇಳಸೂದು ಕಾನೂನಾಗ ಇಲ್ರಿ ಸರ್."

ಬಸವಂತರಾಯರು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ಕರುಣೆಯಿಂದ ನೋಡಿದರು. ಡ್ರೈವರ್ ಸಾಹೇಬ್ರ ಹೋಗಿ ತಮ್ಮಾ ಬಂತು. "ಕೂಲಿ ಕೊಟ್ಟು ಇಳಿಸಿದ್ರ ಅಪರಾಧ ತಮ್ಮಾ. ಇದು ಶ್ರಮದಾನ. ದಾನಕ್ಕ ಯಾವ ಕಾನೂನು? ನೀನು ಖುಷಿಯಿಂದ ಮಾಡ್ಲಾಕತ್ತಿ ಅನ್ನೂದಕ್ಕ ಫೋಟೊ ಬಿ ಅವ."

ಆಗ ಸುಧಾಕರನಿಗೆ ಶಾಲಿನ ಅರ್ಥ ತಿಳಿಯಿತು. ಅದನ್ನು ತೆಗೆದುಕೊಂಡವನು ತಾನೇ. ಚಪ್ಪಾಳೆ ಹೊಡೆದವನೂ ತಾನೇ. ಈಗ ಇಲ್ಲ ಎಂದರೆ ಇಷ್ಟು ಜನರ ಮುಂದೆ ಏನು ಚೆಂದ ಎಂದು ಅನಿಸಿತು. ಕೊಲ್ಲಲು ಬಂದವರಿಗೆ ಬೇಸರವಾಗಬಾರದೆಂದು ಯೋಚಿಸುವ ಮನುಷ್ಯ ಅವನು.

ಮೊದಲೇ ಅಲ್ಲಿಗೆ ಬಂದು ನಿಂತಿದ್ದ ಮಾಳಿಂಗಪ್ಪ ಪಕ್ಕಕ್ಕೆ ಕರೆದ. ಪೇಪರಿನಲ್ಲಿ ಸುತ್ತಿದ ಕ್ವಾರ್ಟರ್ ಬಾಟಲಿ ಕೈಗಿಟ್ಟ.

"ಹೊಡಿ. ವಾಸನಿ ಹತ್ತೂದಿಲ್ಲ."

"ನಾ ಕುಡಿಯಂಗಿಲ್ಲ, ನಿಮಗ ಗೊತ್ತದ."

"ಹಂಗಾದ್ರ ಹಂಗೇ ಇಳಿ. ಇಲ್ಲಾಂದ್ರ ಗಾಡಿ ಕೀಲಿ ಇಲ್ಲೇ ಇಡು. ಎಣ್ಣಿ ಬಂದ ಮ್ಯಾಲ ಡ್ರೈವರ್ ಏನು ಸಿಗೂದಿಲ್ಲೇನು ನನಗ?"

ಆ ಕೀಲಿ ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅದೊಂದೇ ಅವನಿಗೂ ಅಪ್ಪನಿಗೂ ಇದ್ದ ಅಂತರ. ಕೀಲಿ ಉಳಿಯಬೇಕಾದರೆ ಗುಂಡಿಗೆ ಇಳಿಯಬೇಕು. ಇಳಿದ ಮೇಲೆ ಕೀಲಿ ಇದ್ದೇನು, ಬಿಟ್ಟೇನು? ಅಷ್ಟು ಗೊತ್ತಾದರೂ ಅವನ ಕೈ ಅಂಗಿಯ ಗುಂಡಿ ಬಿಚ್ಚತೊಡಗಿತು. ಅಂಗಿ ಮಡಿಚಿ ಇಟ್ಟ. ಅದರ ಮೇಲೆ ಶಾಲು ಇಟ್ಟ. ಬನಿಯನ್ನಿಗೆ ಬೆನ್ನ ಮೇಲೊಂದು ತೂತು. ಗುಂಡಿಗೆ ಇಳಿಯುವ ಹೊತ್ತಿನಲ್ಲೂ ಅವನಿಗೆ ನಾಚಿಕೆಯಾದದ್ದು ಆ ತೂತಿನ ಬಗ್ಗೆ.

ಸೊಂಟಕ್ಕೆ ಹಗ್ಗ ಕಟ್ಟಿದರು. ಇನ್ನೊಂದು ತುದಿಯನ್ನು ಮಾಳಿಂಗಪ್ಪ ಮೈಗೆ ತಾಗದ ಹಾಗೆ ಕೈ ಚಾಚಿ ಹಿಡಿದ. ಸುಧಾಕರ ಅಂಚಿನ ಮೇಲೆ ಕೂತು ಎರಡೂ ಕಾಲು ಒಳಗೆ ಬಿಟ್ಟ. ಕೆಳಗಿನಿಂದ ಬಿಸಿ ಬಂತು. ಕಣ್ಣು ಉರಿಯಿತು. ಗಂಟಲಿಗೆ ಯಾರೋ ಒದ್ದೆ ಬಟ್ಟೆ ತುರುಕಿದ ಹಾಗಾಯಿತು. ಪೈಪು ಹಿಡಿದು ಇಷ್ಟು ವರ್ಷ ಇದರ ಪಕ್ಕದಲ್ಲೇ ನಿಂತಿದ್ದ. ಅಂಚಿನ ಮೇಲೆ ಕೂತಾಗ ಅದು ಬೇರೆಯೇ ಇತ್ತು. ಅಪ್ಪ ಹೀಗೇ ಕೂತಿರಬೇಕು ಎಂದುಕೊಂಡ.

ಮೂಗಿನ ಮೇಲೆ ಕರವಸ್ತ್ರ ಒತ್ತಿಕೊಂಡ ಬಸವಂತರಾಯರು ವಿಡಿಯೊದ ಕಡೆ ಮುಖ ಮಾಡಿ ಮಾತಾಡುತ್ತಿದ್ದರು. "ಇವರ ತಂದೆ ಯಂಕಪ್ಪ ನಮ್ಮ ಹಳೆಯ ಮನೆಯ ಗುಂಡಿ ತೆಗೆಯುತ್ತಿದ್ದ. ಎಂಥ ಕೈ! ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ಇದೊಂದು ಕಲೆ. ಇವರ ರಕ್ತದಲ್ಲೇ ಬಂದ ಕಲೆ. ಮಷೀನಿನಿಂದಾಗಿ ಇಂಥ ಕಲೆಗಳು ನಶಿಸಿಹೋಗುತ್ತಿವೆ."

ಸುಧಾಕರನಿಗೆ ಮೊದಲು ಖುಷಿಯಾಯಿತು. ಅಪ್ಪನ ಹೆಸರು ಇಂಥ ದೊಡ್ಡವರಿಗೆ ನೆನಪಿದೆಯಲ್ಲ! ಆ ಖುಷಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸಿತು. ಮರುಕ್ಷಣ ಸಿಟ್ಟು ಬಂತು. ಇಷ್ಟು ವರ್ಷ ಎಲ್ಲಿತ್ತೋ ಆ ಸಿಟ್ಟು. ಕಾಲನ್ನು ಹೊರಗೆ ಎಳೆದುಕೊಂಡು ಎದ್ದು ನಿಂತ.

"ಏನಂದ್ರಿ ಸರ್? ಕಲೆ ಅಂದ್ರಿ?"

"ಹೌದು ತಮ್ಮಾ."

"ನೀವು ಕನ್ನಡ ಕಲಿಸಿದವರು. ಆ ಮಾತಿಗಿ ಎರಡು ಅರ್ಥ ಅದ ಅಲ್ರಿ? ನಮ್ಮಪ್ಪಗ ಹತ್ತಿದ್ದು ಇನ್ನೊಂದು ಅರ್ಥದ್ದು. ನಮ್ಮವ್ವ ಸಬಕಾರ ಹಚ್ಚಿ ತಿಕ್ಕಿ ತಿಕ್ಕಿ ಸೋತಳು. ಹೆಣ ತೊಳದಾಗ ಬಿ ಹೋಗ್ಲಿಲ್ಲ."

ವಿಡಿಯೊ ಮಾಡುತ್ತಿದ್ದ ಕೈ ಕೆಳಗಿಳಿಯಿತು.

"ಡೀಸೆಲ್ ಇದ್ದಾಗ ನಾ ಡ್ರೈವರ್ ಸಾಹೇಬ. ತೀರಿದ ಕೂಡ್ಲೆ ಯಂಕಪ್ಪನ ಮಗ ಏನ್ರಿ? ನಾ ಇಳಿಯಂಗಿಲ್ಲ. ಶ್ರಮದಾನ ಅಂದ್ರಲ್ಲ, ಬರ್ರಿ, ನೀವು ಇಳೀರಿ. ಶ್ರಮ ನೀವು ಮಾಡ್ರಿ, ದಾನ ನಾ ತಗೋತೀನಿ."

"ಮಾತಾಡೂದು ನೋಡು ಇವಂದು!" ಎಂದ ಮಾಳಿಂಗಪ್ಪ. ಸುಧಾಕರ ಸೊಂಟದ ಹಗ್ಗ ಬಿಚ್ಚಿ ಗುಂಡಿಗೆ ಹಾಕಿದ. ಜೇಬಿನಿಂದ ಕೀಲಿ ತೆಗೆದು ಮಾಳಿಂಗಪ್ಪನ ಕಾಲ ಬುಡಕ್ಕೆ ಎಸೆದ. ತಿರುಗಿ ನಡೆದ.

ಇಂಥ ಹೊತ್ತಿನಲ್ಲಿ ಶೂರರು ಹಿಂದೆ ನೋಡುವುದಿಲ್ಲ. ಸುಧಾಕರ ಗೇಟು ದಾಟಿದ ಮೇಲೆ ನೋಡಲೇಬೇಕಾಯಿತು, ಯಾಕೆಂದರೆ ಅಂಗಿ ಅಲ್ಲೇ ಉಳಿದಿತ್ತು. ಬಸ್ಸಿನ ಚೀಟಿಯ ಹಣವೂ ಅದರ ಜೇಬಿನಲ್ಲೇ. ವಾಪಸ್ ಬಂದ. ಎಲ್ಲರೂ ನಿಂತಲ್ಲೇ ನಿಂತಿದ್ದರು. ಶಾಲನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ಅಂಗಿ ಎಳೆದುಕೊಂಡು, ಮೇಲೊಂದು ಕೆಳಗೊಂದು ಗುಂಡಿ ಹಾಕುತ್ತ ಮತ್ತೊಮ್ಮೆ ಹೊರಟ. ಎರಡನೇ ಸಲ ಹೊರಡುವಾಗ ಅಷ್ಟು ಗತ್ತು ಉಳಿದಿರಲಿಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಕೆಲಸ ಹೋಯಿತು ಎಂದು ಬೈಸಿಕೊಳ್ಳಲು ತಯಾರಾಗಿ ಕೂತ. ತಾಯಿ ಪುತಳಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ನಿಮ್ಮಪ್ಪ ಒಂದಿನಾ ಹಿಂಗ ಅಂದಿದ್ರ ಇನ್ನೂ ಇರ್ತಿದ್ದ" ಎಂದಳು. ಅಷ್ಟೇ ಅಂದು ಮತ್ತೆ ರೊಟ್ಟಿ ಬಡಿದಳು. ಸುಧಾಕರನಿಗೆ ಅಳು ಬಂತು. ಪಂಚಶೀಲಾ ಅವನ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು, ತಮಾಷೆ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಓಣಿಯಲ್ಲಿ ಕಾರಿನ ಸದ್ದಾಯಿತು. ಎಷ್ಟೋ ದಿನದಿಂದ ಆ ಸದ್ದು ಕೇಳದ ಜನ ಹೊರಗೆ ಬಂದರು. ಬಸವಂತರಾಯರ ಹಳೆಯ ಕಾರು. ಓಡಿಸುತ್ತಿದ್ದವರು ಅವರೇ, ಪಕ್ಕದಲ್ಲಿ ದಾರಿ ತೋರಿಸಲು ಮಾಳಿಂಗಪ್ಪ. ಸುಧಾಕರನ ಮನೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬೇರೆ ಯಾರಾದರೂ ಇಳಿಯುವವರು ಸಿಗುತ್ತಾರೇನೋ ಎಂದು ಮನೆ ಮನೆ ವಿಚಾರಿಸಿದರು. ಈ ಸಲ ಶ್ರಮದಾನದ ಮಾತಿಲ್ಲ. ಎಷ್ಟು ಕೇಳಿದರೂ ಕೊಡುತ್ತೇವೆ ಎಂದರು.

ಸುಧಾಕರ ಮಾಡಿದ್ದು ಓಣಿಗೆಲ್ಲ ಗೊತ್ತಾಗಿತ್ತು. ಒಬ್ಬರಿಗೆ ಸೊಂಟ ಹಿಡಿದಿತ್ತು. ಇನ್ನೊಬ್ಬರಿಗೆ ತಲೆ ತಿರುಗುತ್ತಿತ್ತು. ಶೇವಂತಾ ಎಂಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನನ್ನ ಗಂಡ ಬರ್ತಿದ್ದ ರೀ. ಆದ್ರ ವಾರದಿಂದ ಬರೀ ಬಾಳಿಹಣ್ಣ ತಿಂದು ಹೊಟ್ಟಿ ಕೆಟ್ಟದ. ನಿಮ್ಮ ಗುಂಡಿಗಿ ಇಳಿಸಿದ್ರ ಇನ್ನಷ್ಟು ತುಂಬಿಸೇ ಬರ್ತಾನ."

ಓಣಿ ನಕ್ಕಿತು. ಸುಧಾಕರನೂ ನಕ್ಕ. ಆದರೆ ಅವನ ಕಣ್ಣೆಲ್ಲ ಕಾರಿನ ಮೇಲೆ. ಹಳೆಯದಾದರೂ ಎಷ್ಟು ಚೆನ್ನಾಗಿ ಇಟ್ಟಿದ್ದಾರೆ, ಇಂಜಿನ್ ಸದ್ದು ಎಷ್ಟು ಹಗುರ ಎಂದು ಬಾಯಿ ತೆರೆದು ನೋಡುತ್ತಿದ್ದ. ಡ್ರೈವರ್ ಬುದ್ಧಿ. ಪಂಚಶೀಲಾ ಅವನ ಪಕ್ಕೆ ತಿವಿದಳು.

"ಅದು ಯಾತರ ಮ್ಯಾಲ ಓಡಿ ಬಂತು?"

"ಡೀಸೆಲ್ ಗಾಡಿ ಅದು" ಎಂದ ಸುಧಾಕರ. ಹೇಳಿದ ಮೇಲೆ ಬಾಯಿ ಮುಚ್ಚಿತು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದವನಿಗೆ ಹೊಳೆಯದ್ದು ಹೆಂಡತಿಗೆ ಹೊಳೆದಿತ್ತು. ನೆಟ್ಟಗೆ ಕಾರಿನ ಹತ್ತಿರ ಹೋದ.

"ಸರ್, ಎಣ್ಣಿ ಇಲ್ಲ ಅಂದ್ರಿ?"

"ಇದು ಎಮರ್ಜೆನ್ಸಿಗಂತ ಇಟ್ಟದ್ದು."

"ಇದರಾಗಿನ ಎಣ್ಣಿ ಹಾಕಿದ್ರ ಮಷೀನ್ ನಿನ್ನೆನೇ ಬಂದು ನಿಮ್ಮ ಗುಂಡಿ ಖಾಲಿ ಮಾಡ್ತಿತ್ತು. ಅದಕ್ಕ ಸಿಗಲಿಲ್ಲ. ಗುಂಡ್ಯಾಗ ಇಳಿಯೂ ಮನುಷ್ಯಾನ ಹುಡಕಲಾಕ ಸಿಕ್ಕಿತು. ಹೌದಿಲ್ರಿ?"

ಬಸವಂತರಾಯರು ಮುಂದಿನ ಊರಿಗೆ ಹೋಗೋಣ ಎಂದು ಮಾಳಿಂಗಪ್ಪನಿಗೆ ಸನ್ನೆ ಮಾಡಿದರು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಹೆಂಡತಿ ನಾಗರತ್ನಾ. ಫೋನು ಕಿವಿಗೆ ಹಿಡಿದಿದ್ದರೂ ಆಕೆಯ ದನಿ ಓಣಿಗೆಲ್ಲ ಕೇಳುತ್ತಿತ್ತು.

"ರೀ, ಬಾತ್‌ರೂಮಿಗಿ ಬಂತ್ರೀ! ಹಾಲಿಗಿ ಬರ್ಲಾಕತ್ತದ! ದೇವರ ಮನಿ ಬಾಗಿಲಾ ಮುಚ್ಚೀನಿ!"

ಯಾರೂ ನಗಲಿಲ್ಲ. ಬಸವಂತರಾಯರ ಮುಖ ಬಿಳಿಚಿತು. ಅವರು ಕಾರನ್ನು ನೋಡಿದರು. ಬಾಗಿಲೆದುರು ನಿಂತ ಮಷೀನನ್ನು ನೋಡಿದರು.

"ಸುಧಾಕರ ಅವರೇ" ಎಂದರು. ತಮ್ಮಾ ಹೋಗಿ ಅವರೇ ಬಂತು. "ಇದರಾಗಿನ ಡೀಸೆಲ್ ತಗೀರಿ. ಮಷೀನಿಗೆ ಹಾಕ್ಕೊಂಡು ಬರ್ರಿ."

"ಬರ್ತೀನ್ರಿ. ಮಾಲಕ್ರ, ಕೀಲಿ ಕೊಡ್ರಿ."

ಮಾಳಿಂಗಪ್ಪ ಕೀಲಿ ಕೊಟ್ಟ. ಸುಧಾಕರ ಒಂದು ಕ್ಯಾನು, ಒಂದು ಸಣ್ಣ ಪೈಪು ತಂದ. ಪೈಪಿನ ಒಂದು ತುದಿಯನ್ನು ಕಾರಿನ ಟ್ಯಾಂಕಿಗೆ ಇಳಿಬಿಟ್ಟ. ಇನ್ನೊಂದು ತುದಿಗೆ ಬಾಯಿ ಹಚ್ಚಿ ಉಸಿರು ಎಳೆಯಬೇಕು. ಎಣ್ಣೆ ಬಾಯಿಗೆ ಬಂದ ಕೂಡಲೇ ಪೈಪನ್ನು ಕ್ಯಾನಿಗೆ ಬಿಡಬೇಕು. ಆಮೇಲೆ ಅದು ತಾನೇ ಹರಿಯುತ್ತದೆ. ಎಳೆದವನ ಬಾಯಿ ಸಂಜೆಯ ತನಕ ಉರಿಯುತ್ತದೆ. ಸುಧಾಕರ ಎಷ್ಟೋ ಸಲ ಎಳೆದಿದ್ದಾನೆ. ರೂಢಿಯ ಮೇಲೆ ಪೈಪನ್ನು ಬಾಯಿಯ ತನಕ ತಂದ. ತಂದು ನಿಲ್ಲಿಸಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಇದು ಅವನದೇ ಕೆಲಸ ಎನ್ನುವ ಹಾಗೆ. ಪೈಪನ್ನು ಬಸವಂತರಾಯರ ಕಡೆ ಚಾಚಿದ.

"ಎಳೀರಿ ಸರ್."

"ನಾನಾ? ನಿಮಗ ರೂಢಿ ಇರ್ತದ..."

"ರೂಢಿ ಒಬ್ಬರಿಗೇ ಯಾಕಿರಬೇಕ್ರಿ?"

ಫೋನು ಮತ್ತೆ ರಿಂಗಾಗತೊಡಗಿತು. ಬಸವಂತರಾಯರು ಸುತ್ತ ನೋಡಿದರು. ಮಾಳಿಂಗಪ್ಪ ಬೇರೆ ಕಡೆ ಮುಖ ಮಾಡಿದ್ದ. ಅವರು ಪಂಚೆ ಎತ್ತಿಕೊಂಡು ಆ ಓಣಿಯ ಮಣ್ಣಿನಲ್ಲಿ ಮೊಣಕಾಲೂರಿದರು. ಕಣ್ಣು ಮುಚ್ಚಿ ಪೈಪಿಗೆ ಬಾಯಿ ಹಚ್ಚಿ ಎಳೆದರು. ಒಮ್ಮೆಗೆ ಬರಲಿಲ್ಲ. ಮತ್ತೆ ಎಳೆದರು. ಬಾಯಿ ತುಂಬ ಡೀಸೆಲ್ ಬಂತು. ಕೆಮ್ಮಿದರು, ಉಗುಳಿದರು, ಕಣ್ಣಲ್ಲಿ ನೀರು ಬಂತು. ಸುಧಾಕರ ಪೈಪನ್ನು ಕ್ಯಾನಿಗೆ ಬಿಟ್ಟ. ಎಣ್ಣೆ ಸಣ್ಣಗೆ ಹರಿಯತೊಡಗಿತು.

"ನೀರು, ನೀರು" ಎಂದರು ಬಸವಂತರಾಯರು.

ಪುತಳಾಬಾಯಿ ಒಳಗೆ ಹೋಗಿ ಚರಿಗೆಯಲ್ಲಿ ನೀರು ತಂದು ಮುಂದೆ ಹಿಡಿದಳು. ಬಸವಂತರಾಯರ ಕೈ ಅರ್ಧಕ್ಕೆ ಬಂದು ನಿಂತಿತು. ಅವರು ಚರಿಗೆ ನೋಡಿದರು, ಅದನ್ನು ಹಿಡಿದ ಕೈ ನೋಡಿದರು. ಕಾರಿನಲ್ಲಿ ಬಾಟಲಿ ಇದೆ ನೋಡು ಎಂದು ಮಾಳಿಂಗಪ್ಪನಿಗೆ ಸನ್ನೆ ಮಾಡಿದರು. ಮಾಳಿಂಗಪ್ಪ ಬಾಟಲಿ ತಂದು ಬೋರಲು ಮಾಡಿ ತೋರಿಸಿದ. ಅದನ್ನು ಬರುವಾಗಲೇ ಇಬ್ಬರೂ ಕುಡಿದು ಮುಗಿಸಿದ್ದರು. ಡೀಸೆಲ್ ಬಾಯಿಗೆ ಹಾಕಿಕೊಂಡ ಮನುಷ್ಯ ನೀರಿಗೆ ಹಿಂದೆಮುಂದೆ ನೋಡಿದ. ಪುತಳಾಬಾಯಿ ಚರಿಗೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸುಧಾಕರನಿಗೆ ಈಗ ನಗು ಬರಲಿಲ್ಲ. ಪೈಪನ್ನು ಕ್ಯಾನಿನಿಂದ ಎತ್ತಿ, ಅದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ. ಎಣ್ಣೆ ನಿಂತಿತು.

"ಯಾಕ್ರಿ, ಯಾಕ ನಿಲ್ಲಿಸಿದ್ರಿ?" ಎಂದರು ಬಸವಂತರಾಯರು.

"ಮೊದಲ ನೀರು ಕುಡೀರಿ."

"ಆಮ್ಯಾಲ ಕುಡೀತೀನಿ."

"ಆಮ್ಯಾಲ ಅಂದ್ರ ಡೀಸೆಲ್ ಬಿ ಆಮ್ಯಾಲ."

ಕಾರಿನ ಬಾನೆಟ್ಟಿನ ಮೇಲೆ ಫೋನು ರಿಂಗಾಗುತ್ತಲೇ ಇತ್ತು. ಬಸವಂತರಾಯರು ಎರಡೂ ಕೈ ಚಾಚಿ ಚರಿಗೆ ತೆಗೆದುಕೊಂಡರು. ಬಾಯಿ ಮುಕ್ಕಳಿಸಿ ಉಗುಳಿದರು. ಚರಿಗೆ ಕೆಳಗಿಡಲು ನೋಡಿದರು.

"ಮುಕ್ಕಳಸೂದಲ್ಲ ಸರ್, ಕುಡೀರಿ" ಎಂದ ಸುಧಾಕರ.

ಅವರು ಚರಿಗೆ ಎತ್ತಿದರು. ಗುಟುಕು ಗಂಟಲಲ್ಲಿ ಇಳಿಯುವುದು ಕಣ್ಣಿಗೆ ಕಾಣುವ ತನಕ ಸುಧಾಕರ ಬೆರಳು ತೆಗೆಯಲಿಲ್ಲ.